ಲೆಕ್ಕ ಸರಿ ಇದ್ದ ಡಬ್ಬಿಗಳು

ಈಗ ನಾನು ಕಿಟಕಿಯ ಹೊರಗೆ ನಿಲ್ಲುವವಳು. ತಿಂಗಳಿಗೊಮ್ಮೆ ಬಿಪಿ ಗುಳಿಗೆಗಾಗಿ ದವಾಖಾನೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಒಳಗೆ ಕೂತ ಹುಡುಗಿ ಮುಖ ಎತ್ತದೆ, "ಹಿಂದಿನವು ಎಲ್ಲಾ ನುಂಗೀರೇನ್ರಿ?" ಅಂತ ಕೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ. ಅವಳು ನಂಬುತ್ತಾಳೆ. ನಂಬಬಾರದು. ಅದರಲ್ಲಿ ನಾಲ್ಕಾದರೂ ನಾನು ನುಂಗಿರುವುದಿಲ್ಲ.

ಹದಿನಾರು ವರ್ಷ ನಾನು ಅಂಥದೇ ಕಿಟಕಿಯ ಒಳಗೆ ಕೂತಿದ್ದೆ. ಎಚ್‌ಐವಿ ಚಿಕಿತ್ಸೆಯ ಕೇಂದ್ರಗಳಲ್ಲಿ ಔಷಧ ಕೊಡುವ ಫಾರ್ಮಸಿಸ್ಟ್ ಕೆಲಸ. ಕೊನೆಯ ದಿನದವರೆಗೂ ಗುತ್ತಿಗೆ ನೌಕರಿ, ಹಾಗಾಗಿ ಬಡ್ತಿಯ ಮಾತು ಬರೆಯುವ ತೊಂದರೆ ನನಗಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂ ಊರಿನ ಜನರಿಗೆ ಔಷಧ ಕೊಟ್ಟಿದ್ದೇನೆ. ಯಾವ ಘಟನೆ ಯಾವ ಕೇಂದ್ರದ್ದು ಅಂತ ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಇಷ್ಟು ಸುಳಿವು ಕೊಟ್ಟರೆ ಮನೆ ನಂಬರು ಹುಡುಕುವ ಜಾಣರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಇಬ್ಬರು ಮೂವರು ಹುಡುಗಿಯರು ಮನೆಗೆ ಬಂದು, "ಜುಬೇದಾ ಮೇಡಂ, ದೊಡ್ಡವರಕಿಂತ ಈ ಹರೇದ ಹುಡುಗರ ತ್ರಾಸ ಭಾಳ ಐತ್ರಿ, ಏನ್ ಮಾಡೂದ್ರಿ?" ಅಂತ ಕೇಳಿದರು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ನಮ್ಮ ಕಿಟಕಿಗೆ ಬರುವವರು ಯಾರೂ ಖರೇ ವಿಳಾಸ ಹೇಳುವುದಿಲ್ಲ. ಬ್ಯಾಡಗಿಯವರು ಹಾವೇರಿಗೆ ಬರುತ್ತಿದ್ದರು, ಹಾವೇರಿಯವರು ರಾಣೆಬೆನ್ನೂರಿಗೆ ಹೋಗುತ್ತಿದ್ದರು, ರಾಣೆಬೆನ್ನೂರಿನವರು ರೈಲು ಹತ್ತಿ ಇನ್ನೂ ದೂರ ಹೋಗುತ್ತಿದ್ದರು. ಪರಿಚಯದವರ ಕಣ್ಣಿಗೆ ಬೀಳಬಾರದು ಅಂತ. ಒಂದು ಸಲ ಬೀಗರಿಬ್ಬರು ನಮ್ಮ ಕೇಂದ್ರದ ಒಂದೇ ಬೆಂಚಿನ ಮೇಲೆ ಭೇಟಿಯಾಗಿ, ಇಬ್ಬರೂ ಹಲ್ಲುನೋವಿಗೆ ಬಂದೆವು ಅಂತ ಹೇಳಿಕೊಂಡದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೇಳುವವರ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ದಿನಕ್ಕೆ ಎಂಬತ್ತು ಜನರ ಸುಳ್ಳು ಕೇಳಿದರೆ, ಸಂಜೆ ಮನೆಗೆ ಹೋಗಿ ಗಂಡ "ಊಟ ಆಯ್ತು" ಅಂದರೂ ತಟ್ಟೆ ಕಡೆ ನೋಡುವ ಚಟ ಬೀಳುತ್ತದೆ. ನನಗೆ ಬಿತ್ತು.

ನಾನು ಸೇರಿದಾಗ ಹುಟ್ಟಿನಿಂದ ಎಚ್‌ಐವಿ ಇದ್ದ ಮಕ್ಕಳು ಅಂದರೆ ಕಂಕುಳಲ್ಲಿ ಬರುವ ಕೂಸುಗಳು. ದೊಡ್ಡವರ ಗುಳಿಗೆಯನ್ನು ಬ್ಲೇಡಿನಿಂದ ಅರ್ಧ ಮಾಡಿ, ಕಾಲು ಮಾಡಿ ಕೊಟ್ಟ ದಿನಗಳೂ ಇದ್ದವು. ತಂಪಿನಲ್ಲಿಡಬೇಕಾದ ಔಷಧವನ್ನು ಫ್ರಿಜ್ ಇಲ್ಲದ ಮನೆಯವರು ನೀರಿನ ಹರವಿಯ ಪಕ್ಕದ ಉಸುಕಿನಲ್ಲಿ ಹೂಳಿಡುತ್ತಿದ್ದರು. ಹೊತ್ತಿಗೆ ಎರಡು ಮೂರು ಬಗೆಯ ಗುಳಿಗೆ, ದಿನಕ್ಕೆ ಎರಡು ಹೊತ್ತು. ಬರಬರುತ್ತ ಎಲ್ಲ ಕೂಡಿ ದಿನಕ್ಕೆ ಒಂದೇ ಗುಳಿಗೆಯಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದವರು ಎರಡು ತಿಂಗಳಿಗೊಮ್ಮೆ ಬಂದರೆ ಸಾಕಾಯಿತು. ಕೂಸುಗಳು ಬದುಕಿದವು, ಬೆಳೆದವು, ಮೀಸೆ ಮೊಳೆತವು, ಮೊಬೈಲು ಹಿಡಿದವು. ಅಲ್ಲಿಂದ ನಮ್ಮ ತ್ರಾಸ ಶುರುವಾಯಿತು. ಕೂಸಿನ ಬಾಯಿಗೆ ಔಷಧ ಹಾಕಬಹುದು. ಹದಿನೈದರ ಹುಡುಗನ ಬಾಯಿ ಅವನದೇ.

ಗಳಗನಾಥದ ಕಡೆಯ ಒಬ್ಬ ಹುಡುಗನಿದ್ದ. ಪ್ರಕಾಶ ಅಂತ ಇಟ್ಟುಕೊಳ್ಳಿ. ಹದಿನಾರು ವರ್ಷ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಪ್ರತಿ ಸಲ ಬಂದಾಗ ಉಳಿದ ಗುಳಿಗೆಗಳನ್ನು ಡಬ್ಬಿ ಸಮೇತ ತಂದು ತೋರಿಸಬೇಕು, ನಾವು ಎಣಿಸಿ ಎಷ್ಟು ತಪ್ಪಿಸಿದ್ದಾರೆ ಅಂತ ಬರೆದುಕೊಳ್ಳುತ್ತೇವೆ. ಪ್ರಕಾಶನದು ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ನಾನು ಉಳಿದ ಹುಡುಗರಿಗೆಲ್ಲ ಅವನ ಡಬ್ಬಿ ತೋರಿಸಿ, "ನೋಡಿ ಕಲೀರಿ" ಅನ್ನುತ್ತಿದ್ದೆ. ಅವನು ನಾಚಿ ನಗುತ್ತಿದ್ದ. ಎರಡು ವರ್ಷದೊಳಗೆ ಮಿದುಳಿಗೆ ಕ್ಷಯ ಏರಿ ಅವನು ತೀರಿಕೊಂಡ. ಮಣ್ಣು ಮಾಡಿ ಒಂಬತ್ತು ದಿನಕ್ಕೆ ಅವನ ದೊಡ್ಡವ್ವ ಒಂದು ಸ್ಟೀಲಿನ ಊಟದ ಡಬ್ಬಿ ತಂದು ನನ್ನ ಕಿಟಕಿಯಲ್ಲಿಟ್ಟಳು. "ಇವು ಅಟ್ಟದ ಮ್ಯಾಗ ಸಿಕ್ಕೂರಿ. ಯಾರಿಗರೆ ಉಪಯೋಗ ಆಗ್ತಾವೇನು ನೋಡ್ರಿ" ಅಂದಳು. ಮುಚ್ಚಳ ತೆಗೆದರೆ ಕಂಠಮಟ್ಟ ಗುಳಿಗೆ. ಹಾಸ್ಟೆಲಿನಲ್ಲಿ ಜೊತೆಯವರು, ಇದು ಯಾತರ ಗುಳಿಗಿ ಅಂತ ಕೇಳಿದ್ದರಂತೆ. ಅಂದಿನಿಂದ ನುಂಗುವುದನ್ನು ಬಿಟ್ಟು, ಲೆಕ್ಕ ಸರಿ ಕಾಣುವಂತೆ ದಿನಕ್ಕೊಂದರಂತೆ ಡಬ್ಬಿಯಿಂದ ತೆಗೆದಿಡುತ್ತ ಬಂದಿದ್ದ.

ಆವತ್ತು ನಮ್ಮ ವೈದ್ಯಾಧಿಕಾರಿಗಳು, ಅವರನ್ನು ಹಿರೇಮಠ ಡಾಕ್ಟರು ಅಂತ ಕರೆಯೋಣ, ಆ ಡಬ್ಬಿಯನ್ನು ನೋಡಿ ಮುಚ್ಚಳ ಹಾಕಿದರು. ಆಮೇಲೆ, "ಬಾಯಾರ, ಇನ್ನ ಮ್ಯಾಲೆ ಲೆಕ್ಕ ತಪ್ಪಿದವರನ್ನ ಬಿಡ್ರಿ, ಲೆಕ್ಕ ಸರಿ ಇದ್ದವರನ್ನ ಹಿಡೀರಿ" ಅಂದರು. ಅವರು ಸಿಡುಕಿನ ಮನುಷ್ಯ. ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪುತ್ತಿರಲಿಲ್ಲ, ತಮ್ಮ ಮಾತನ್ನೂ ಎರಡು ಸಲ ಯೋಚಿಸಿ ಬರೆಯುತ್ತಿದ್ದರು. ನನ್ನೊಳಗಿನ ಅನುಮಾನದ ಬುದ್ಧಿಗೆ ಅವರ ಮಾತಿನಿಂದ ಹುಕುಂ ಸಿಕ್ಕಂತಾಯಿತು. ಅಂದಿನಿಂದ ನಾನು ಯಾವ ಹುಡುಗನನ್ನೂ ನಂಬಲಿಲ್ಲ.

ಹಾಗಿರುವಾಗಲೇ ನೀಲಾಳ ಪ್ರಕರಣ ಬಂತು.

ನೀಲಾ ಕರ್ಜಗಿಯ ಹತ್ತಿರದ ಹಳ್ಳಿಯ ಹುಡುಗಿ. ತಂದೆ ಅವಳು ಹುಟ್ಟುವ ಮೊದಲೇ ಹೋಗಿದ್ದ, ತಾಯಿ ಅವಳಿಗೆ ನಾಲ್ಕು ವರ್ಷವಾದಾಗ. ತಾಯಿಯ ತಾಯಿ ಗಂಗವ್ವ ಅವಳನ್ನು ಸಾಕಿದವಳು. ನಮ್ಮ ಮೇಲೆ ಗಂಗವ್ವನ ಅನುಮಾನ ನಮ್ಮ ಅನುಮಾನಕ್ಕಿಂತ ದೊಡ್ಡದು. ರಕ್ತ ತೆಗೆಯುವಾಗ, "ಇಷ್ಟ್ಯಾಕ ತಗೀತೀರಿ? ಎಲ್ಲಿಗಿ ಕಳಸ್ತೀರಿ?" ಅಂತ ಸೀಸೆಯನ್ನೇ ಹಿಡಿದುಕೊಳ್ಳುತ್ತಿದ್ದಳು. ಆದರೆ ಮಳೆಯಿರಲಿ, ಹಬ್ಬವಿರಲಿ, ಹೇಳಿದ ದಿನ ಮೊಮ್ಮಗಳನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದಳು.

ನೀಲಾಳ ವಿಷಯದಲ್ಲಿ ನಾನು ಮಾಡಿದ ಮೊದಲ ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಅವಳಿಗೆ ಎಂಟು ವರ್ಷವಿದ್ದಾಗ, "ಈ ಗುಳಿಗಿ ಯಾಕ್ರಿ?" ಅಂತ ಕೇಳಿದ್ದಳು. ನಾನು, "ನಿನಗ ರಕ್ತ ಕಮ್ಮಿ ಐತವ್ವಾ, ಅದಕ್ಕ" ಅಂದೆ. ನಮ್ಮ ಆಪ್ತ ಸಮಾಲೋಚಕಿ ಸುಜಾತಾ, ಅಂದರೆ ಬಂದವರನ್ನು ಕೂರಿಸಿಕೊಂಡು ಧೈರ್ಯ ಹೇಳುವ ಕೆಲಸದವಳು, "ಹಂಗ ಸುಳ್ಳ ಹೇಳಬ್ಯಾಡ್ರಿ, ವಯಸ್ಸಿಗಿ ತಕ್ಕಂಗ ಸ್ವಲ್ಪ ಸ್ವಲ್ಪ ಖರೇ ಹೇಳ್ಕೋತ ಬರಬೇಕು" ಅಂತ ಎಚ್ಚರಿಸಿದ್ದಳು. ಅಜ್ಜಿ ಒಪ್ಪಲಿಲ್ಲ, ನನಗೂ ಧೈರ್ಯ ಸಾಲಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನೀಲಾ ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರನ್ನು ಮಾವನ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹುಡುಕಿದಳು. ಮುಂದಿನ ಸಲ ಬಂದಾಗ ನನ್ನನ್ನು ಏನೂ ಕೇಳಲಿಲ್ಲ. ಡಬ್ಬಿ ತಗೊಂಡಳು, ನನ್ನ ಮುಖ ನೋಡಿದಳು, ಹೋದಳು. ಆಮೇಲೆ ನಾಲ್ಕು ವರ್ಷ ನನ್ನ ಜೊತೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಸುಜಾತಾ ಅವಳನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ತಾಯಿಯಿಂದ ಹೇಗೆ ಬರುತ್ತದೆ, ದಿನಾ ಗುಳಿಗೆ ತಗೊಂಡರೆ ಹೇಗೆ ಎಲ್ಲರಂತೆ ಇರಬಹುದು, ಮುಂದೆ ಮದುವೆ, ಮಕ್ಕಳು, ಎಲ್ಲ. ಹುಡುಗಿ ಕೇಳಿಸಿಕೊಂಡಳು. ಒಳಗೆ ಎಷ್ಟು ಹೋಯಿತು ಅಂತ ನಮಗೆ ಗೊತ್ತಿರಲಿಲ್ಲ.

ನೀಲಾ ಹದಿನಾರಕ್ಕೆ ಬಂದು, ಹಾವೇರಿಯಲ್ಲಿ ಪಿಯುಸಿ ಸೇರಿದ ವರ್ಷ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಪರೀಕ್ಷೆಗೆ ಅವಳ ಸೀಸೆ ಹೋಗಿತ್ತು. ಮೊದಲೆಲ್ಲ ನಮ್ಮಲ್ಲಿ ಈ ಪರೀಕ್ಷೆ ಇರಲಿಲ್ಲ, ಜಡ್ಡು ಮೈಮೇಲೆ ಬಂದಾಗಲೇ ಗುಳಿಗೆ ತಪ್ಪಿದ್ದು ಗೊತ್ತಾಗುತ್ತಿತ್ತು. ಈಗ ಕಾಗದ ಮೊದಲೇ ಹೇಳುತ್ತದೆ. ನೀಲಾಳ ಕಾಗದ ಬಂತು. ಹಿಂದಿನ ಸಲ ಕಾಣಿಸದಷ್ಟು ಕಮ್ಮಿಯಿದ್ದ ವೈರಸ್ ಈಗ ಸಾವಿರಗಟ್ಟಲೆ ಏರಿತ್ತು. ನಾನು ಅವಳ ಹಾಳೆ ತೆಗೆದು ನೋಡಿದೆ. ಗುಳಿಗೆ ಲೆಕ್ಕ ಪ್ರತಿ ಸಲವೂ ಸರಿ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ನನ್ನ ಕಣ್ಣೆದುರು ಆ ಸ್ಟೀಲಿನ ಡಬ್ಬಿ ಬಂತು.

ಅವಳು ಬಂದ ದಿನ ಕಿಟಕಿಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ನಾನು ಒಳಗೆ ಕರೆಯಬೇಕಿತ್ತು. ಕರೆಯಲಿಲ್ಲ. ಅಲ್ಲಿಂದಲೇ ಕೇಳಿದೆ:

"ಎಲ್ಲಿ ಒಗ್ಯಾಕತ್ತೀದಿ ಗುಳಿಗಿ?"

"ಎಲ್ಲೂ ಒಗದಿಲ್ರಿ."

"ನುಂಗಾಕತ್ತೀದೇನು?"

"ಹೂನ್ರಿ."

"ದಿನಾ?"

ಅವಳು ನನ್ನ ಮುಖ ನೋಡಲಿಲ್ಲ. "ಹೂನ್ರಿ" ಅಂದಳು.

"ಹಂಗಾರ ಈ ಕಾಗದ ಸುಳ್ಳ ಹೇಳತೈತೇನು? ನಿಮ್ಮಂಥಾ ಹುಡುಗರನ್ನ ಭಾಳ ನೋಡೇನಿ ನಾನು. ಅಜ್ಜಿ ಮೈ ಮುರದು ಸಾಕ್ಯಾಳ ನಿನ್ನ. ನಾಚಿಕಿ ಆಗಬೇಕು."

ಗಂಗವ್ವ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ನೀಲಾ ಅಳಲಿಲ್ಲ. ಹೊಸ ಎರಡು ಡಬ್ಬಿ ತಗೊಂಡು, ಅಜ್ಜಿಯ ಕೈ ಹಿಡಿದು ಹೋಗಿಬಿಟ್ಟಳು. ಸುಜಾತಾ ಒಳಗಿನಿಂದ ಓಡಿ ಬರುವಷ್ಟರಲ್ಲಿ ಗೇಟು ದಾಟಿದ್ದರು.

"ಎಲ್ಲಾರ ಮುಂದ ಯಾಕ ಕೇಳಿದ್ರಿ ಮೇಡಂ?" ಅಂದಳು ಸುಜಾತಾ.

"ಒಳಗ ಕರದಿದ್ರ ಖರೇ ಹೇಳ್ತಿದ್ಲೇನು?" ಅಂದೆ ನಾನು. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳು ತಂದುಕೊಟ್ಟ ಎರಡು ಖಾಲಿ ಡಬ್ಬಿಗಳು ಮೇಜಿನ ಮೇಲೇ ಉಳಿದಿದ್ದವು. ಸಂಜೆ ಎಲ್ಲ ಮುಗಿಸಿ ಅವುಗಳನ್ನು ಎತ್ತಿಡುವಾಗ ಒಂದರ ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ಎರಡನೆಯದನ್ನು ತೆಗೆದೆ. ಸೀನು ಬಂತು. ಇನ್ನೊಂದು ಸೀನು. ಮತ್ತೊಂದು. ಮುಚ್ಚಳದ ಒಳಗಿನ ಗೆರೆಗಳಲ್ಲಿ ಕೆಂಪು ಧೂಳು ಕೂತಿತ್ತು. ಈ ಕಡೆ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ. ದಿನವಿಡೀ ಕಾಯಿಯ ತೊಟ್ಟು ಬಿಡಿಸಿದ ಕೈಯಿಂದ ಮುಚ್ಚಳ ತಿರುವಿದರೆ ಮಾತ್ರ ಹಾಗೆ ಕೂರುತ್ತದೆ. ನೀಲಾ ಕಾಲೇಜಿಗೆ ಹೋಗುವವಳು. ಗಂಗವ್ವ ಸೊಪ್ಪು ಮಾರುವವಳು. ಹಾಗಾದರೆ ಈ ಡಬ್ಬಿಯನ್ನು ತೆಗೆಯುತ್ತಿದ್ದ ಕೈ ಯಾರದು?

ಒಂದು ಡಬ್ಬಿ ಸ್ವಚ್ಛ. ಇನ್ನೊಂದಕ್ಕೆ ಘಾಟು. ಎರಡು ತಿಂಗಳಿಗೆ ಎರಡು ಡಬ್ಬಿ ಕೊಡುತ್ತೇವೆ. ಅಂದರೆ ಒಂದು ಮನೆಯಲ್ಲಿದೆ, ಇನ್ನೊಂದು ಊರು ಬಿಟ್ಟು ಹೋಗಿ ಬಂದಿದೆ.

ನನ್ನ ತಲೆಯಲ್ಲಿ ಏನೇನೋ ಓಡಿತು. ಗಂಗವ್ವನ ಮಗ, ಅಂದರೆ ನೀಲಾಳ ಸೋದರಮಾವ ಬಸವರಾಜ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ. ಅವನೇ ಗುಳಿಗೆ ಯಾರಿಗೋ ಮಾರುತ್ತಿದ್ದಾನೆಯೇ? ಅಥವಾ ಹುಡುಗಿ ಅಲ್ಲಿ ಯಾರನ್ನೋ ಮೆಚ್ಚಿಕೊಂಡು, ಅವನಿಗೂ ಜಡ್ಡು ಅಂಟಿಸಿ, ಗುಟ್ಟಾಗಿ ಗುಳಿಗೆ ಕೊಡುತ್ತಿದ್ದಾಳೆಯೇ? ಎರಡನೆಯದೇ ಖರೇ ಅಂತ ನನ್ನ ಮನಸ್ಸು ಗಟ್ಟಿ ಹಿಡಿಯಿತು. ಹರೇದ ಹುಡುಗಿಯರ ಬಗ್ಗೆ ಕೆಟ್ಟದ್ದನ್ನೇ ಮೊದಲು ಯೋಚಿಸುವುದು ನಮಗೆ ಅದೆಷ್ಟು ಸಲೀಸು!

ಮುಂದಿನ ತಾರೀಖಿಗೆ ನೀಲಾ ಬರಲಿಲ್ಲ. ಗಂಗವ್ವನೂ ಬರಲಿಲ್ಲ. ಫೋನು ಬಂದ್ ಇತ್ತು. ನಮ್ಮ ಕ್ಷೇತ್ರ ಸಿಬ್ಬಂದಿಯನ್ನು ಮನೆಗೆ ಕಳಿಸಿದರೆ ಹಳ್ಳಿಗೆಲ್ಲ ಗೊತ್ತಾಗುತ್ತದೆ ಅಂತ ಸುಜಾತಾ ತಡೆದಳು. ಒಂದು ವಾರ ಹೋಯಿತು. ಕೊಟ್ಟ ಗುಳಿಗೆ ಮುಗಿದಿರಬೇಕು. ಶನಿವಾರ ಅರ್ಧ ದಿನ ರಜೆ ಹಾಕಿ, ವರ್ಷದ ಖಾರಪುಡಿಗೆ ಕಾಯಿ ತರುತ್ತೇನೆ ಅಂತ ಮನೆಯಲ್ಲಿ ಹೇಳಿ ಬ್ಯಾಡಗಿ ಬಸ್ಸು ಹತ್ತಿದೆ. ಇದನ್ನು ಓದುವ ಹೊಸ ಹುಡುಗಿಯರು ಈ ಕೆಲಸ ಮಾಡಬೇಡಿ. ನಿಯಮಕ್ಕೆ ವಿರುದ್ಧ, ಮರ್ಯಾದೆಗೂ ವಿರುದ್ಧ. ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ, ಅಷ್ಟೆ.

ಬಸವರಾಜನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅದರ ಹಿಂದಿನ ಅಂಗಳದಲ್ಲಿ ತಗಡಿನ ನೆರಳಿನ ಕೆಳಗೆ ಇಪ್ಪತ್ತು ಮೂವತ್ತು ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ರಾಶಿಗಳ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದರು. ಕಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನು ಒಬ್ಬೊಬ್ಬರ ಕಣ್ಣನ್ನೇ ನೋಡುತ್ತ ಹೋದೆ. ಒಂದು ಜೊತೆ ಕಣ್ಣು ನನ್ನನ್ನು ನೋಡಿ ಕೆಳಗಿಳಿಯಿತು. ನಾಲ್ಕು ವರ್ಷ ನನ್ನ ಕಿಟಕಿಯಲ್ಲಿ ಮಾತಿಲ್ಲದೆ ನಿಂತ ಕಣ್ಣು.

ನೀಲಾ ಒಬ್ಬ ಹೆಂಗಸಿನ ಪಕ್ಕ ಕೂತು, ಆಕೆಯ ಪಾಲಿನ ರಾಶಿಯನ್ನೂ ತಾನೇ ಬಿಡಿಸುತ್ತಿದ್ದಳು. ಆ ಹೆಂಗಸು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಏಳು ತಿಂಗಳ ಹೊಟ್ಟೆ.

ನೀಲಾ ಎದ್ದು ಬಂದಳು. ಅಂಗಳದಾಚೆ ನೀರಿನ ಟಾಕಿಯ ಹತ್ತಿರ ನಿಂತೆವು.

"ಇಲ್ಲಿಗೂ ಬಂದ್ರೇನ್ರಿ ಎಣಸಾಕ?" ಅಂದಳು.

"ಯಾರಾಕಿ?" ಅಂತಷ್ಟೇ ಕೇಳಿದೆ.

"ನಮ್ಮತ್ತಿ. ರೇಖಾ ಅತ್ತಿ. ಮಾವನ ಹೇಣ್ತಿ."

"ಗುಳಿಗಿ ಆಕಿಗೆ ಕೊಡಾಕತ್ತೀದೇನು?"

ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು.

ಬಸಿರಾದ ಮೂರನೆಯ ತಿಂಗಳಿಗೆ ರೇಖಾ ರಾಣೆಬೆನ್ನೂರಿನ ಒಂದು ಖಾಸಗಿ ದವಾಖಾನೆಗೆ ತೋರಿಸಲು ಹೋಗಿದ್ದಳು. ರಕ್ತದ ಚೀಟಿಯಲ್ಲಿ ಇದು ಬಂತು. ಚೀಟಿಯನ್ನು ಅಲ್ಲೇ ಹರಿದು ಹಾಕಿದಳು. ಸರಕಾರಿ ದವಾಖಾನೆಗೆ ಕರೆಯಲು ಆಶಾ ಕಾರ್ಯಕರ್ತೆ ಬಂದರೆ, ತವರಿನಲ್ಲಿ ಎಲ್ಲ ಮಾಡಿಸಿದ್ದೇನೆ ಅಂದಳು. ತವರಿನಲ್ಲಿ ಕೇಳಿದರೆ, ಗಂಡನ ಊರಲ್ಲಿ ಮಾಡಿಸಿದ್ದೇನೆ ಅಂದಳು. ಗಂಡನಿಗೆ ಹೇಳಿದರೆ, ನೀನೇ ತಂದಿ ಅಂತ ಹೊರಗೆ ಹಾಕುತ್ತಾನೆ ಅನ್ನುವ ಹೆದರಿಕೆ. ನೀಲಾಳ ಅವ್ವನನ್ನು ಗಂಡನ ಮನೆಯವರು ಹಾಗೇ ಹೊರಗೆ ಹಾಕಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊನೆಗೆ ಅವಳು ಬಾಯಿಬಿಟ್ಟದ್ದು, ಇಡೀ ಮನೆಯಲ್ಲಿ ತನ್ನಂತೆಯೇ ಇದ್ದ ಒಬ್ಬಳೇ ಹುಡುಗಿಯ ಮುಂದೆ.

"ನಾನ ಹೇಳಿದ್ನಿರಿ, ನನ್ನ ಗುಳಿಗಿ ತಗೋ ಅಂತ. ಪ್ರತಿ ಸಲ ಒಂದ್ ಡಬ್ಬಿ ಆಕಿಗೆ ತಂದ್ ಕೊಡ್ತಿದ್ನಿ. ಒಂದ್ ತಿಂಗಳಿಗಿ ಅದು ಮುಗದ್ರ ನನ್ನದರಾಗಿಂದ ಮತ್ತ ಕೊಡ್ತಿದ್ನಿ."

"ಮತ್ತ ನೀನು?"

"ಮೊದಮೊದಲ ಒಂದ್ ದಿನ ಬಿಟ್ಟು ಒಂದ್ ದಿನ. ಆಮ್ಯಾಲೆ ಆಕಿಗೆ ಕೊಟ್ಟು ಉಳದ್ರ ಅಷ್ಟ."

"ಆಕಿನೂ ಹಂಗ?"

"ಇಲ್ರಿ! ಆಕಿಗೆ ದಿನಾ. ಹೊಟ್ಯಾಗ ಕೂಸೈತಲ್ರಿ." ಕೈಯಲ್ಲಿದ್ದ ತೊಟ್ಟು ಒಗೆದಳು. "ಸುಜಾತಾ ಮೇಡಂ ಹೇಳಿದ್ರು, ತಾಯಿ ದಿನಾ ತಗೊಂಡ್ರ ಕೂಸಿಗಿ ಬರೂದ ಕಮ್ಮಿ ಅಂತ. ನಮ್ಮವ್ವಗ ಅದನ್ನ ಯಾರೂ ಹೇಳಲಿಲ್ಲ. ಹೇಳಿದ್ರ ನಾನು ಹಿಂಗ ಇರ್ತಿದ್ದಿಲ್ಲಲ್ರಿ."

ಅಂಗಳದಲ್ಲಿ ಯಾರೋ ರಾಶಿ ಕೆದರಿದರು. ಇಬ್ಬರಿಗೂ ಕೆಮ್ಮು ಬಂತು. ಅಷ್ಟರಲ್ಲಿ ನಾನು ಕಣ್ಣು ಒರೆಸಿಕೊಂಡೆ. ಘಾಟಿಗೆ ಅಂತ ಅವಳು ತಿಳಿದಿರಬೇಕು.

"ಈ ಸಲ ಯಾಕ ಬರಲಿಲ್ಲ?" ಅಂದೆ.

"ನೀವು ಎಲ್ಲಾರ ಮುಂದ ಅಂದ್ರೆಲ್ಲ, ಅಜ್ಜಿ ಇನ್ನ ಅಲ್ಲಿಗೆ ಹೋಗೂದ ಬ್ಯಾಡ ಅಂದ್ಲು. ಎಂಟ ದಿನದಿಂದ ಗುಳಿಗಿ ಇಲ್ರಿ. ಇಬ್ಬರಿಗೂ."

ಏಳು ತಿಂಗಳ ಬಸುರಿ, ಎಂಟು ದಿನದಿಂದ ಗುಳಿಗೆ ಇಲ್ಲ. ನನ್ನ ಒಂದು ಮಾತಿಗೆ.

ರೇಖಾಳ ಪಕ್ಕ ಹೋಗಿ ಕೂತೆ. ಅವಳ ಮುಖದ ಸೆರಗು ಸರಿದಾಗ ಕಂಡದ್ದು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. "ಇವತ್ತ ನನ್ನ ಜೋಡಿ ಬರ್ತೀಯೇನವ್ವಾ?" ಅಂದೆ. ಅವಳು ಅಂಗಡಿಯ ಕಡೆ ನೋಡಿದಳು. ಅಲ್ಲಿ ಬಸವರಾಜ ತಕ್ಕಡಿಯ ಹತ್ತಿರ ನಿಂತಿದ್ದ. "ಅವರಿಗಿ ಏನ ಹೇಳ್ಲಿರಿ?" ಅಂದಳು. ನೀಲಾಳೇ, "ಅತ್ತಿಗಿ ಕಾಲ ಬಾತಾವು, ದವಾಖಾನಿಗೆ ಕರ್ಕೊಂಡ ಹೊಂಟೇನಿ ಅಂತ ನಾನ ಹೇಳ್ತೇನಿ" ಅಂತ ಹೋಗಿ ಹೇಳಿ ಬಂದಳು. ಕಾಲು ನಿಜಕ್ಕೂ ಬಾತಿದ್ದವು.

ಅಂದೇ ಸಂಜೆಯೊಳಗೆ ರೇಖಾಳ ರಕ್ತಪರೀಕ್ಷೆ, ನೋಂದಣಿ, ಗುಳಿಗೆ ಎಲ್ಲ ಆಯಿತು. ಹಿರೇಮಠ ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ಪೇಷಂಟ್ ಹಿಂದ ಪೊಲೀಸರಂಗ ಹೋಗೂದು ನಿಮ್ಮ ಕೆಲಸೇನ್ರಿ? ಅಲ್ಲಿ ಯಾರರೆ ನಿಮ್ಮನ್ನ ಗುರ್ತು ಹಿಡದಿದ್ರ ಆ ಹುಡುಗಿ ಗತಿ ಏನಾಗ್ತಿತ್ತು?" ಅಂತ ಬೈದರು. ಬೈದದ್ದು ಸರಿಯಾಗಿಯೇ ಇತ್ತು. ನೋಟಿಸು ಕೊಡುತ್ತೇನೆ ಅಂದರು, ಆಮೇಲೆ ಯಾಕೋ ಕೊಡಲಿಲ್ಲ. ಸುಜಾತಾ ನೀಲಾಳ ಹಾಳೆ ತುಂಬುತ್ತ ಕೂತಿದ್ದಳು. ಗುಳಿಗೆ ತಪ್ಪಿಸಲು ಕಾರಣ ಅನ್ನುವ ಕಡೆ ಮರೆವು, ಪ್ರವಾಸ, ವಾಂತಿ, ಹೆದರಿಕೆ ಅಂತೆಲ್ಲ ಅಚ್ಚಾಗಿತ್ತು. ಅವಳು ಪೆನ್ನು ಹಿಡಿದು ಮೇಲಿನಿಂದ ಕೆಳಗೆ ಎರಡು ಸಲ ಓದಿ, ಕೊನೆಗೆ "ಇತರೆ" ಅನ್ನುವುದಕ್ಕೆ ಗುರುತು ಹಾಕಿದಳು.

ಗಂಡನಿಗೆ ಹೇಳುವುದು ಉಳಿದಿತ್ತು. ಅದು ರೇಖಾ ಒಪ್ಪಿದ ಮೇಲಿನ ಮಾತು. ಹದಿನೈದು ದಿನ ತಗೊಂಡಳು. ಬಸವರಾಜನನ್ನು ಕರೆಸಿದ ದಿನ ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಅವನು ಕೈ ಎತ್ತಿದರೆ ಒಳನುಗ್ಗಬೇಕು ಅಂತ. ಅವನ ಕೈ ಏಳಲಿಲ್ಲ. ಅವನ ರಕ್ತದಲ್ಲೂ ಬಂತು. ಯಾರಿಂದ ಯಾರಿಗೆ ಅಂತ ಸುಜಾತಾ ಕೇಳಲಿಲ್ಲ, ನಾವು ಕೇಳುವುದಿಲ್ಲ. ಅವನು ಗೋಡೆ ನೋಡುತ್ತ, "ನಮ್ಮಕ್ಕನ್ನ ಎತ್ತೂ ಮುಂದ ಹೆಗಲ ಕೊಡಾಕ ನಾಕ ಮಂದಿ ಸಿಗಲಿಲ್ರಿ. ಟ್ರ್ಯಾಕ್ಟರ್‌ನಾಗ ಹಾಕ್ಕೊಂಡ ಹೋದ್ನಿ" ಅಂದ. ಅಷ್ಟು ಹೇಳಿ ಎದ್ದು, ಹೆಂಡತಿಯ ಚೀಲ ತಾನೇ ಹಿಡಿದುಕೊಂಡು ನಡೆದ. ನನ್ನ ಅನುಮಾನ ಮತ್ತೊಮ್ಮೆ ಸುಳ್ಳಾಯಿತು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಕೂಸು ಹುಟ್ಟುವವರೆಗೂ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲವಂತೆ. ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಇಬ್ಬರೂ ನುಂಗುತ್ತಿದ್ದರಂತೆ, ಒಂದೇ ಚರಿಗೆ ನೀರಿನಲ್ಲಿ.

ಗಂಡು ಕೂಸು ಹುಟ್ಟಿತು. ಹುಟ್ಟಿದ ದಿನದಿಂದ ಅದಕ್ಕೆ ಹನಿ ಔಷಧ ಶುರುಮಾಡಿದೆವು. ಆರು ವಾರಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ರಕ್ತ ತೆಗೆದು ಕಳಿಸಿದೆವು. ಮೂರೂ ಸಲ ಇಲ್ಲ ಅಂತಲೇ ಬಂತು. ಆದರೆ ಹದಿನೆಂಟು ತಿಂಗಳ ಪರೀಕ್ಷೆ ಆಗುವವರೆಗೆ ನಾವು ಖಾತ್ರಿ ಅನ್ನುವುದಿಲ್ಲ.

ಈ ನಡುವೆ ಬೆಲೆ ತೆತ್ತವಳು ನೀಲಾ. ಅರ್ಧಂಬರ್ಧ ನುಂಗಿದ ಗುಳಿಗೆಗೆ ಅವಳ ವೈರಸ್ ಬಗ್ಗದೆ ಹೋಯಿತು. ಆ ಚಳಿಗಾಲ ಕ್ಷಯ ಕಾಣಿಸಿಕೊಂಡಿತು. ಪರೀಕ್ಷೆಯ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು, ಪಿಯುಸಿಯ ಒಂದು ವರ್ಷ ಹೋಯಿತು. ಔಷಧ ಬದಲಿಸಿದೆವು. ದಿನಕ್ಕೊಂದು ಇದ್ದದ್ದು ಎರಡು ಹೊತ್ತಾಯಿತು, ಕ್ಷಯದವು ಬೇರೆ. ಮುಷ್ಟಿಗಟ್ಟಲೆ ಗುಳಿಗೆ. ನಾನು ಅವಳನ್ನು ಒಳಗೆ ಕರೆದು ಕೂರಿಸಿ, "ನಂದು ತಪ್ಪಾತವ್ವಾ" ಅಂದೆ. ಕಿಟಕಿಯ ಮುಂದೆ ಅಂದದ್ದಕ್ಕೂ, ಎಂಟು ವರ್ಷದವಳಿದ್ದಾಗ ಹೇಳಿದ ಸುಳ್ಳಿಗೂ ಸೇರಿಸಿ. ಅವಳು, "ಇರ್ಲಿ ಬಿಡ್ರಿ" ಅಂದಳು. ಕ್ಷಮಿಸಿದಳು ಅಂತ ನಾನು ಹೇಳಲಾರೆ. ಗಂಗವ್ವ ಮಾತ್ರ ನನ್ನನ್ನು ನೋಡಿದರೆ ಇವತ್ತಿಗೂ ಮುಖ ತಿರುಗಿಸುತ್ತಾಳೆ.

ಕೂಸಿನ ಹದಿನೆಂಟು ತಿಂಗಳ ಪರೀಕ್ಷೆ ನನ್ನ ನೌಕರಿಯ ಕೊನೆಯ ವಾರದಲ್ಲಿ ಬಂತು. ರೇಖಾ ಕೂಸನ್ನು ತಂದಿದ್ದಳು, ಜೊತೆಗೆ ನೀಲಾ. ಹದಿನೆಂಟು ತುಂಬಿದ ನೀಲಾಳ ಕಾಗದಕ್ಕೆ ಈಗ ಅಜ್ಜಿಯ ಹೆಬ್ಬೆಟ್ಟು ಬೇಕಾಗಿರಲಿಲ್ಲ. ಅವಳ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸದಷ್ಟು ಇಳಿದಿತ್ತು. ಪ್ರಯೋಗಾಲಯದ ಹುಡುಗ ಕೂಸಿನ ಬೆರಳು ಚುಚ್ಚಿ, ಪಟ್ಟಿಯ ಮೇಲೆ ರಕ್ತ ಬಿಟ್ಟು, ಹೊರಗೆ ಕೂತಿರಿ ಅಂದ. ರೇಖಾ ಹೊರಗೆ ಹೋದಳು. ನೀಲಾ ಹೋಗಲಿಲ್ಲ.

"ನಾ ಇಲ್ಲೇ ನಿಂತ ನೋಡ್ತೇನ್ರಿ" ಅಂದಳು.

ಹುಡುಗ ನನ್ನ ಕಡೆ ನೋಡಿದ. ನಾನು ರೇಖಾಳನ್ನು ಕೇಳಿ ಬಂದು, ನಿಲ್ಲಲಿ ಬಿಡು ಅಂದೆ. ಇಪ್ಪತ್ತು ನಿಮಿಷ ಅವಳು ಆ ಪಟ್ಟಿಯ ಮೇಲಿನ ಕಣ್ಣು ಕೀಳಲಿಲ್ಲ. ಒಂದು ಗೆರೆ ಮೂಡಿತು. ಎರಡನೆಯದು ಮೂಡಲಿಲ್ಲ. ಹುಡುಗ, "ನೆಗೆಟಿವ್" ಅಂದ.

"ಪಟ್ಟಿ ಕೆಟ್ಟಿದ್ರೂ ಹಿಂಗ ಬರತೈತೇನ್ರಿ?" ಅಂದಳು ನೀಲಾ.

"ಕೆಟ್ಟಿದ್ರ ಒಂದೂ ಗೆರಿ ಬರೂದಿಲ್ಲ."

"ಬ್ಯಾರೆ ಡಬ್ಬಿದು ಒಂದ್ ತಗದ ನೋಡ್ರಿ."

ಅವನಿಗೆ ಸಿಟ್ಟು ಬಂತು. ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಹೊಸ ಡಬ್ಬಿ ಒಡೆದು ಅವನ ಮುಂದಿಟ್ಟೆ. ಕೂಸನ್ನು ಒಳಗೆ ತರಿಸಿ ಇನ್ನೊಮ್ಮೆ ಬೆರಳು ಚುಚ್ಚಿದ್ದಾಯಿತು, ಮತ್ತೆ ಇಪ್ಪತ್ತು ನಿಮಿಷ. ಒಂದೇ ಗೆರೆ. ನೀಲಾ ಪಟ್ಟಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ನೆಟ್ಟಗೆ ಮಾಡಿ ನೋಡಿದಳು. ಆಮೇಲೆ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ರೇಖಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನೀಲಾ ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡು ಬೆಂಚಿನ ಮೇಲೆ ಕೂತಳು. ಮುಂಜಾನೆಯ ಗುಳಿಗೆಯ ಹೊತ್ತು ಮೀರುತ್ತ ಬಂದಿತ್ತು. ಚೀಲದಿಂದ ತನ್ನ ಡಬ್ಬಿ ತೆಗೆದಳು, ಸುತ್ತ ಕೂತ ಅಷ್ಟೂ ಜನರ ಮುಂದೆ ಗುಳಿಗೆಯನ್ನು ಅಂಗೈಗೆ ಹಾಕಿಕೊಂಡಳು, ನುಂಗಿ ನೀರು ಕುಡಿದಳು. ಕೂಸು ಡಬ್ಬಿಗೆ ಕೈ ಚಾಚಿತು. ಅವಳು ಮುಚ್ಚಳ ಗಟ್ಟಿ ಮಾಡಿ ಅದರ ಕೈಗೆ ಕೊಟ್ಟಳು. ಅದು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿತು. ಒಳಗಿನ ಗುಳಿಗೆ ಗಿಲಿಗಿಲಿ ಅಂದವು. ಕೂಸು ಕೇಕೆ ಹಾಕಿ ನಕ್ಕಿತು.

"ಹಾಂ, ಅಲ್ಲಾಡಸು" ಅಂದಳು ನೀಲಾ. "ನಿನ್ನವಲ್ಲ ಅವು. ನನ್ನವು."